ತಾನಾಗಿಯೇ ಇಳಿದವನು

ಗುರುಸಾಮಿ ರೇಷ್ಮೆ ಬಟ್ಟೆಯನ್ನು ಟೀಪಾಯಿಯ ಮೇಲೆ ಹರಡಿ, ಅಂಗೈಯಿಂದ ಎರಡು ಸಲ ಸವರಿ, ಹೊಗಳಿಕೆ ಈಗ ಬಂತು ಆಗ ಬಂತು ಎಂದು ಹಿಂದೆ ಸರಿದು ನಿಂತಾಗ ರಾಮ್‌ಕುಮಾರನ ಕಣ್ಣಿಗೆ ಮೊದಲು ಬಿದ್ದದ್ದು ಆ ಸೆಲ್ಯೂಟು. ಹೆಲಿಕಾಪ್ಟರ್ ಆಮೇಲೆ ಕಂಡಿತು, ಅದರ ಹಿಂದಿನ ನೀಲಿ ಬೆಟ್ಟಗಳು ಆಮೇಲೆ, ಸುತ್ತಲಿನ ಜರಿಯ ಅಂಚು ಆಮೇಲೆ. ಬಿಳಿ ರೇಷ್ಮೆಯ ಹಿಮದ ಮೇಲೆ ಒಬ್ಬ ತರುಣ ನೆಟ್ಟಗೆ ನಿಂತು, ಮೇಲೇಳುತ್ತಿರುವ ಹೆಲಿಕಾಪ್ಟರಿಗೆ ಸೆಲ್ಯೂಟ್ ಹೊಡೆಯುತ್ತಿದ್ದ. ಅವನ ಮುಖದಲ್ಲಿ ನಗು ಇತ್ತು. ನಾಲ್ಕೇ ನಾಲ್ಕು ಎಳೆಯಲ್ಲಿ ನೇದ ನಗು, ಆದರೂ ನಗುವೇ. ಕೆಳಗೆ ತಮಿಳು ಅಕ್ಷರದಲ್ಲಿ ಎರಡು ಹೆಸರು: ಕರ್ನಲ್ ರಾಮ್‌ಕುಮಾರ್, ಕ್ಯಾಪ್ಟನ್ ಅರವಿಂದ್. ತನ್ನ ಹೆಸರು ದೊಡ್ಡದು, ಅರವಿಂದನದು ಸಣ್ಣದು. ರಾಮ್‌ಕುಮಾರನಿಗೆ ಮೈಯೆಲ್ಲ ಉರಿಯಿತು. ಕೈಯಲ್ಲಿದ್ದ ಕಾಫಿಯನ್ನು ಅದರ ಮೇಲೇ ಸುರಿದುಬಿಡಬೇಕೆನ್ನಿಸಿ, ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯಾಗಿ, ಲೋಟವನ್ನು ದೂರದ ಕಿಟಕಿಯ ಕಟ್ಟೆಯ ಮೇಲೆ ಇಟ್ಟು ಬಂದ.

“ಮೂರು ತಿಂಗ್ಳಾಯ್ತು ರಾಮು,” ಎಂದ ಗುರುಸಾಮಿ. ಅವನು ರಾಮ್‌ಕುಮಾರನ ಸೋದರತ್ತೆಯ ಮಗ, ತಮಿಳು ಸೀಮೆಯ ಸಿರುಮುಗೈಯಲ್ಲಿ ಮಗ್ಗ ಇಟ್ಟುಕೊಂಡವನು, ಈ ವರ್ಷ ನೇಕಾರರ ಸಂಘಕ್ಕೆ ಅಧ್ಯಕ್ಷ. “ಮಗ್ಗದ ಡಿಸೈನ್ ಕಾರ್ಡಿಗೆ ತೂತು ಹೊಡ್ಸೋಕೇ ಒಂದು ತಿಂಗ್ಳು. ಆಮ್ಯಾಲೆ ಯಾರ ಕೈಗೂ ಕೊಡ್ಲಿಲ್ಲ, ನಾನೇ ಕೂತು ನೇದೆ. ನೇಯೋವಾಗ ನಮ್ಗೆ ಕಾಣದು ಬಟ್ಟೆ ಬೆನ್ನು ಮಾತ್ರ. ಮಗ್ಗದಿಂದ ಇಳ್ಸಿ ತಿರುಗ್ಸಿದ ಮ್ಯಾಲೇ ಮೊಕ. ಅವತ್ತು ನಮ್ಮ ಮನೆಯವ್ಳು ನೋಡಿ ಅತ್ತೇ ಬಿಟ್ಳು.”

“ಅವ್ನು ಸೆಲ್ಯೂಟ್ ಹೊಡ್ದ ಅಂತ ಯಾರು ಹೇಳಿದ್ದು ಭಾವ?”

“ಯಾರು ಹೇಳ್ಬೇಕು? ನಿನ್ನ ಪದಕದ ಪೇಪರಲ್ಲೇ ಐತಲ್ಲಾ, ತಾನಾಗೇ ಇಳ್ದ ಅಂತ. ತಾನಾಗೇ ಇಳ್ದವನು ಸೆಲ್ಯೂಟ್ ಹೊಡೀದೆ ಇನ್ನೇನ್ ಮಾಡ್ತಾನೆ?”

ಆ ಮಾತನ್ನು ಬರೆದವನು ರಾಮ್‌ಕುಮಾರನೇ. ಇಪ್ಪತ್ತಾರು ವರ್ಷದ ಹಿಂದೆ, ಕಾರ್ಗಿಲ್ ಯುದ್ಧದ ಜೂನ್ ತಿಂಗಳಲ್ಲಿ, ಟೆಂಟಿನೊಳಗೆ ಕೂತು, ಸೀಮೆಎಣ್ಣೆ ಒಲೆಯ ಮೇಲೆ ಬೆರಳು ಕಾಯಿಸಿಕೊಳ್ಳುತ್ತ ವರದಿಯಲ್ಲಿ ಬರೆದಿದ್ದ: ಗಾಯಾಳುವಿಗೆ ಜಾಗ ಮಾಡಿಕೊಡಲು ಸಹ ಪೈಲಟ್ ತಾನಾಗಿಯೇ ಇಳಿದ. ಆ ವಾಕ್ಯ ವರದಿಯಿಂದ ಪ್ರಶಂಸಾಪತ್ರಕ್ಕೆ ಹೋಯಿತು, ಅಲ್ಲಿಂದ ಪೇಪರಿಗೆ, ಪೇಪರಿನಿಂದ ಶಾಲೆಯ ಮಕ್ಕಳ ಭಾಷಣಕ್ಕೆ. ಈಗ ಮಗ್ಗಕ್ಕೂ ಬಂದಿದೆ. ಅರವಿಂದ ತಾನಾಗಿ ಇಳಿಯಲಿಲ್ಲ. ರಾಮ್‌ಕುಮಾರ್ ಇಳಿಸಿದ. ಹೀಗೆ ನಾಲ್ಕು ಮಾತಿನಲ್ಲಿ ಮುಗಿಯುವ ವಿಷಯವನ್ನು ಒಂದು ದಿನವೂ ಒಬ್ಬರ ಹತ್ತಿರವೂ ಹೇಳಿರಲಿಲ್ಲ, ಹೆಂಡತಿ ಶೋಭನಾಳ ಹತ್ತಿರ ಕೂಡ. ಒಂದು ಸಲ ಹೇಳಲು ಹೊರಟಾಗ ಕುಕ್ಕರ್ ಕೂಗಿತ್ತು, ಅವಳು ಎದ್ದು ಹೋಗಿದ್ದಳು, ಬದುಕಿದೆ ಎಂದುಕೊಂಡು ಟಿ.ವಿ. ಹಾಕಿದ್ದ.

ಶನಿವಾರ ಸಂಘದ ಮಂಡಪದಲ್ಲಿ ಸನ್ಮಾನ. ಯೂನಿಫಾರಂ ಹಾಕಿಕೊಂಡೇ ಬರಬೇಕು, ಪದಕ ಎಲ್ಲ ಇರಬೇಕು ಎಂದು ಗುರುಸಾಮಿ ಹೇಳಿದ. ನಿವೃತ್ತನಾದವನು ಯೂನಿಫಾರಂ ಹಾಕುವಂತಿಲ್ಲ ಎಂದು ಮೂರನೇ ಸಲ ವಿವರಿಸಿದ್ದಾಯಿತು. ಹಾಗಾದರೆ ಕೋಟಿನ ಮೇಲಾದರೂ ಪದಕ ಎಂದ. ಕೋಟಿನ ಗುಂಡಿ ಹಾಕಲು ಬರುವುದಿಲ್ಲ, ನಿನ್ನೆ ನೋಡಿದೆವಲ್ಲ ಎಂದು ಒಳಗಿನಿಂದ ಶೋಭನಾ ಕೂಗಿ ಹೇಳಿ ಗಂಡನ ಮಾನ ಕಳೆದಳು. ಗುರುಸಾಮಿ ಮೊಬೈಲಿನಲ್ಲಿ ಸಂಘದ ಹುಡುಗರು ಮಾಡಿದ ಪೋಸ್ಟರ್ ತೋರಿಸಿದ. ಅದರಲ್ಲಿ ರಾಮ್‌ಕುಮಾರನ ತಲೆಯ ಹಿಂದೆ ಒಂದು ಸಿಂಹ ಬಾಯಿ ತೆರೆದುಕೊಂಡಿತ್ತು, ಆಕಾಶದಲ್ಲಿ ಯಾವುದೋ ದೇಶದ ಯುದ್ಧದ ಹೆಲಿಕಾಪ್ಟರ್, ಎರಡೂ ಬದಿಗೆ ರಾಕೆಟ್. ತಾನು ಹಾರಿಸಿದ್ದು ಒಂದು ಗುಂಡೂ ಇಲ್ಲದ, ಗಾಳಿ ಬಂದರೆ ನಡುಗುವ, ನಾಲ್ಕು ಜನ ಕೂತರೆ ಏದುಸಿರು ಬಿಡುವ ಸಣ್ಣ ಚೀತಾ ಎಂದು ಯಾರಿಗೆ ಹೇಳುವುದು? ಹೇಳಿದರೂ ಸಿಂಹ ಬಾಯಿ ಮುಚ್ಚುತ್ತದೆಯೇ? ಅವನು ಪೋಸ್ಟರನ್ನು ನೋಡಿ ಚೆನ್ನಾಗಿದೆ ಎಂದ.

“ಒಂದೇ ತೊಂದ್ರೆ,” ಎಂದು ಗುರುಸಾಮಿ ಬಟ್ಟೆಯನ್ನು ಮಡಿಸುತ್ತ ದನಿ ತಗ್ಗಿಸಿದ. “ಅರವಿಂದನ ಅಮ್ಮ ಬರಾಕಿಲ್ಲ ಅಂತಾಳೆ. ಅವ್ಳ ಕೈಗೆ ಇದನ್ನ ಕೊಡ್ಬೇಕು ಅಂತ್ಲೇ ನಾ ನೇದಿದ್ದು. ಪೋನಲ್ಲಿ ಏನಂದ್ಳು ಗೊತ್ತಾ? ಮನೆ ನೆಪ್ಪಿಲ್ದೆ ಇಳ್ದು ಓದವನಿಗೆ ಮೇಡೆ ಮ್ಯಾಲೆ ಸನ್ಮಾನ ಯಾಕೆ, ಮಾಲೆ ಯಾಕೆ ಅಂದ್ಳು. ಹೆತ್ತೋಳು ಆಡೋ ಮಾತಾ ಇದು?”

“ಹಂಗಂದ್ಳಾ?”

“ಹಂಗೇ ಅಂದ್ಳು, ಇಟ್ಟೂ ಬಿಟ್ಳು. ನೀ ಓಗಿ ಕರುದ್ರೆ ಬತ್ತಾಳೆ ರಾಮು. ಅವ್ರೂ ನಮ್ಮಂಗೆ ಕನ್ನಡದೋರೇ. ನಾ ಬೇಕಾದ್ರೆ ಕೂಡ ಬತ್ತೀನಿ.”

ಬೇಡ ಎಂದ ರಾಮ್‌ಕುಮಾರ್. ಚಪ್ಪಲಿ ಮೆಟ್ಟಿ, ಕಾರಿನ ಕೀಲಿ ತೆಗೆದುಕೊಂಡು, ಇವತ್ತು ಅಮಾವಾಸ್ಯೆ, ಊಟ ಮಾಡಿ ಹೋಗಿ ಎಂದು ಶೋಭನಾ ಹೇಳುತ್ತಿದ್ದಂತೆಯೇ ಮೆಟ್ಟಿಲಿಳಿದ.

ಉಕ್ಕಡಂ ಮೇಲ್ಸೇತುವೆ ದಾಟುವವರೆಗೆ ಅವನು ಎಲ್ಲರ ಮೇಲೂ ಸಿಟ್ಟಿಗೆದ್ದ. ಅಡ್ಡ ಬಂದ ಸ್ಕೂಟರಿನವನ ಮೇಲೆ, ಹಾರ್ನ್ ಹೊಡೆದ ಬಸ್ಸಿನ ಮೇಲೆ, ಕನ್ನಡಕ ಮರೆತು ಬಂದ ತನ್ನ ಮೇಲೆ. ಸುಂದರಾಪುರಂ ಕಳೆದ ಮೇಲೆ ರಸ್ತೆ ತೆರೆದುಕೊಂಡಿತು, ಪಾಲಕ್ಕಾಡಿನ ಕಡೆಯಿಂದ ತಮಿಳರ ಆಡಿ ತಿಂಗಳ ಗಾಳಿ ಕಾರಿಗೆ ಅಡ್ಡಡ್ಡ ಬಡಿಯಿತು. ತೆಂಗಿನ ಗರಿಗಳೆಲ್ಲ ಒಂದೇ ಕಡೆಗೆ ಬಾಗಿದ್ದವು. ಬಲಗಡೆಯಿಂದ, ಇಪ್ಪತ್ತೈದು ಇಪ್ಪತ್ತೆಂಟು ನಾಟ್, ಬಿಟ್ಟು ಬಿಟ್ಟು ಜೋರು ಎಂದು ತಲೆ ತನ್ನಷ್ಟಕ್ಕೆ ಲೆಕ್ಕ ಹಾಕಿತು. ಹಾರುವುದು ಬಿಟ್ಟು ಎಷ್ಟು ವರ್ಷವಾದರೂ ಈ ಚಾಳಿ ಬಿಟ್ಟಿಲ್ಲ. ಗಾಳಿ ಕಂಡರೆ ದಿಕ್ಕು, ಮನುಷ್ಯರನ್ನು ಕಂಡರೆ ತೂಕ. ಮದುವೆ ಮನೆಯಲ್ಲಿ ಸಾಲಾಗಿ ಕೂತ ನೆಂಟರನ್ನು ನೋಡುತ್ತ ಎಂಬತ್ತೆರಡು, ಐವತ್ತೊಂಬತ್ತು, ತೊಂಬತ್ತು ದಾಟಿದೆ ಎಂದು ಮನಸ್ಸು ಎಣಿಸುತ್ತ ಹೋಗುತ್ತದೆ. ಹದಿನಾರು ಸಾವಿರ ಅಡಿ ಎತ್ತರದಲ್ಲಿ ಗಾಳಿ ತೆಳ್ಳಗೆ; ರೆಕ್ಕೆಗೆ ಹಿಡಿತ ಸಿಕ್ಕುವುದಿಲ್ಲ; ಅಲ್ಲಿ ಮನುಷ್ಯ ಎಂದರೆ ಮೊದಲು ಕಿಲೋ, ಹೆಸರು ಆಮೇಲೆ. ಅರವಿಂದ ಬೂಟು ಜಾಕೆಟ್ ಸೇರಿ ಎಪ್ಪತ್ತೊಂದು.

ಆ ಬೆಳಿಗ್ಗೆ ಬಾಗಿಲುಗಳನ್ನು ಕಳಚಿಟ್ಟು ಹೊರಟಿದ್ದರು, ಭಾರ ಕಡಿಮೆಯಾಗಲಿ ಎಂದು. ಇಂಧನ ಹೋಗಿ ಬರಲು ಎಷ್ಟು ಬೇಕೋ ಅಷ್ಟೇ. ಎದುರು ಬೆಟ್ಟದಿಂದ ಶೆಲ್ ಬೀಳುತ್ತಲೇ ಇತ್ತು; ಅವನು ಕಣಿವೆಯ ಗೋಡೆಗೆ ಒತ್ತಿಕೊಂಡು, ಬಂಡೆಗಳಿಗೆ ರೆಕ್ಕೆ ತಾಗುತ್ತದೋ ಇಲ್ಲವೋ ಎನ್ನುವಷ್ಟು ಹತ್ತಿರದಲ್ಲಿ ಏರಿ, ಊಟದ ಎಲೆಯಷ್ಟಗಲದ ಜಾಗದಲ್ಲಿ ಒಂದು ಕಾಲು ಮಾತ್ರ ಊರಿಸಿ ಯಂತ್ರವನ್ನು ಹಿಡಿದು ನಿಲ್ಲಿಸಿದ್ದ. ಇದೆಲ್ಲ ನಿಜ. ಇದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ, ಸಿಟ್ಟು ಬರುವುದೂ ಅದಕ್ಕೇ. ಪೂರ್ತಿ ಸುಳ್ಳಾಗಿದ್ದರೆ ಎಂದೋ ಹರಿದು ಎಸೆಯಬಹುದಿತ್ತು. ಬೆಟ್ಟದ ಮೇಲೆ ಒಬ್ಬ ಗಾಯಾಳು ಎಂದಿದ್ದರು, ಇಬ್ಬರಿದ್ದರು. ಒಬ್ಬನಿಗೆ ಹೊಟ್ಟೆಯಲ್ಲಿ ಚೂರು, ಇನ್ನೊಬ್ಬನ ಒಂದು ತೊಡೆಯ ಕೆಳಗೆ ಏನೂ ಇರಲಿಲ್ಲ. ಇಬ್ಬರಿಗೂ ಇಪ್ಪತ್ತೋ ಇಪ್ಪತ್ತೊಂದೋ. ಶುಶ್ರೂಷೆಯ ಸಿಪಾಯಿ ಎರಡು ಬೆರಳು ಎತ್ತಿ ತೋರಿಸಿದ, ಆಮೇಲೆ ಕೈ ಮುಗಿದ. ರಾಮ್‌ಕುಮಾರ್ ಒಂದು ಸಲ ಗಾಯಾಳುಗಳ ಕಡೆ, ಒಂದು ಸಲ ಪಕ್ಕದ ಸೀಟಿನ ಕಡೆ ನೋಡಿದ. ಮೂರು ಸೆಕೆಂಡಿನಲ್ಲಿ ಕೂಡಿ ಕಳೆದು ಮುಗಿಯಿತು. ಇವತ್ತು ಅದೇ ಜಾಗದಲ್ಲಿ ನಿಲ್ಲಿಸಿ ಕೇಳಿದರೂ ಅದೇ ಲೆಕ್ಕ, ಅದೇ ಉತ್ತರ. ಆ ವಿಷಯದಲ್ಲಿ ಅವನಿಗೆ ಪಶ್ಚಾತ್ತಾಪವಿಲ್ಲ. ಇಳಿಯೋ, ಈ ಇಬ್ರುನ್ನ ಬಿಟ್ಟು ಬಂದು ನಿನ್ನ ಎತ್ಕತೀನಿ ಎಂದಿದ್ದ, ಕನ್ನಡದಲ್ಲಿ.

ಆ ಕನ್ನಡ ಅವರಿಬ್ಬರದೇ ಆಗಿತ್ತು. ಒಬ್ಬ ಸಿರುಮುಗೈಯ ಮಗ್ಗದ ಮನೆಯವನು, ಇನ್ನೊಬ್ಬ ಕಿಣತ್ತುಕಡವಿನ ತೋಟದ ಮನೆಯವನು. ಇಬ್ಬರಿಗೂ ಅದರ ಒಂದಕ್ಷರ ಓದಲು ಬಾರದು. ಶಾಲೆ, ಬೀದಿ, ಬೈಗುಳ ಎಲ್ಲ ತಮಿಳು. ಕನ್ನಡ ಎಂದರೆ ಅಡುಗೆಮನೆ, ಅಜ್ಜಿ, ಜ್ವರ. ಸಾವಿರಾರು ಮೈಲಿ ದೂರದ ಹಿಮದಲ್ಲಿ ಒಂದೇ ಹೆಲಿಕಾಪ್ಟರಿಗೆ ಇಬ್ಬರೂ ಬಿದ್ದಾಗ ಆ ಮನೆಯ ಮಾತು ಹೆಲ್ಮೆಟ್ಟಿನೊಳಗೆ ಬಂದು ಕೂತಿತು. ಉಳಿದ ಆಫೀಸರುಗಳು ನಗುತ್ತಿದ್ದರು. ಎಲ್ಲರೆದುರು ಸಾರ್ ಎನ್ನುತ್ತಿದ್ದ ಅರವಿಂದ ಹಾರುವಾಗ ಅಣ್ಣ ಎನ್ನುತ್ತಿದ್ದ. ಆದ್ದರಿಂದ ಆ ಬೆಟ್ಟದ ಮೇಲೆ ನಡೆದ ಮಾತಿಗೆ ಸಾಕ್ಷಿಯೇ ಇಲ್ಲ. ಹತ್ತಿರವಿದ್ದವರಿಗೆ ಕೇಳಿಸಲಿಲ್ಲ, ಕೇಳಿಸಿದ್ದರೂ ತಿಳಿಯುತ್ತಿರಲಿಲ್ಲ. ಅರವಿಂದ ಆಗುವುದಿಲ್ಲ ಎಂದ. ಅಷ್ಟೇ ಅಲ್ಲ, ಇನ್ನೂ ಒಂದು ಮಾತು ಅಂದ. ಅದಾದ ಮೇಲಿನದು ನೆನಪಿಗೆ ಬರುತ್ತಿದ್ದಂತೆ ರಾಮ್‌ಕುಮಾರನ ಮನಸ್ಸು ಪ್ರತಿ ಸಲವೂ ಪಕ್ಕಕ್ಕೆ ಹಾರುತ್ತದೆ. ಈಗಲೂ ಹಾರಿ, ಈಚನಾರಿ ದೇವಸ್ಥಾನದ ಮುಂದೆ ಸಾಲು ನಿಂತ ಕಾರುಗಳ ಮೇಲೆ ಹರಿಹಾಯಿತು. ಹೊಸ ಕಾರು ತಂದು, ಗಣಪತಿಯ ಮುಂದೆ ಚಕ್ರದಡಿ ನಿಂಬೆಹಣ್ಣು ಜಜ್ಜಿಸಿ, ಅಷ್ಟಕ್ಕೇ ಎಲ್ಲ ಸರಿಹೋಯಿತು ಎನ್ನುವ ಜನ. ಅವರ ಮೇಲೂ ಸಿಟ್ಟು. ಅರವಿಂದನ ಮೇಲೂ ಸಿಟ್ಟು. ಸುಮ್ಮನೆ ಇಳಿದಿದ್ದರೆ ಏನಾಗುತ್ತಿತ್ತು ನಿನಗೆ? ಸುಮ್ಮನೆ ಇಳಿದಿದ್ದರೆ ನಾನು ಬರೆದದ್ದು ಸುಳ್ಳಾಗುತ್ತಿರಲಿಲ್ಲವಲ್ಲೋ ಎಂದು ಕಾರಿನೊಳಗೆ ಬಾಯಿ ಬಿಟ್ಟೇ ಅಂದ.

ಅರವತ್ತು ನಿಮಿಷದೊಳಗೆ ರಾಮ್‌ಕುಮಾರ್ ಆ ಬೆಟ್ಟಕ್ಕೆ ಹಿಂದಿರುಗಿ ಹೋಗಿದ್ದ, ಬೇಡ ಎಂದ ಮೇಲಧಿಕಾರಿಯ ಮಾತು ಮೀರಿ, ಒಬ್ಬನೇ. ಅದೂ ಪ್ರಶಂಸಾಪತ್ರದಲ್ಲಿದೆ. ಅಷ್ಟರೊಳಗೆ ಆ ಎಲೆಯಗಲದ ಜಾಗಕ್ಕೇ ಶೆಲ್ ಬಿದ್ದಿತ್ತು. ಬರುವಾಗ ಅರವಿಂದ ಎಪ್ಪತ್ತೊಂದು ಕಿಲೋ ಇರಲಿಲ್ಲ. ಬದುಕಿದ ಇಬ್ಬರಲ್ಲಿ ಒಬ್ಬ, ಗಡ್ವಾಲಿನವನು, ಪ್ರತಿ ಜೂನಿನಲ್ಲೂ ಫೋನ್ ಮಾಡುತ್ತಾನೆ. ಈ ವರ್ಷ ಮಗಳ ಮದುವೆಯ ಫೋಟೋ ಕಳಿಸಿದ್ದ. ಫೋಟೋದಲ್ಲಿ ಅವನು ಕೋಲೂರಿ ನಿಂತು ಹಲ್ಲು ಬಿಡುತ್ತಿದ್ದ, ಏನಿಲ್ಲವೆಂದರೂ ಎಂಬತ್ತೈದು ಕಿಲೋ.

ಒತ್ತಕ್ಕಾಲ್ ಮಂಡಪಂ ಬಂತು, ಹೋಯಿತು. ವರದಿಯಲ್ಲಿ ಹಾಗೆ ಬರೆದದ್ದು ಯಾಕೆ ಎಂದು ಅವನು ನೂರು ಸಲ ತನ್ನನ್ನೇ ಹಿಡಿದು ಕೇಳಿದ್ದ. ಆಜ್ಞೆಗೆ ಇಳಿದವನಿಗೆ ಪದಕ ಕೊಡುವುದಿಲ್ಲ, ತಾನಾಗಿ ಇಳಿದವನಿಗೆ ಕೊಡುತ್ತಾರೆ. ಹುಡುಗನಿಗೆ ಅಷ್ಟಾದರೂ ಸಿಗಲಿ ಎಂದು ಬರೆದೆ. ಇದು ನಿಜ. ಇಳಿ ಎಂದವನು ನಾನು ಎಂದು ಬರೆಯಲು ಕೈ ಬರಲಿಲ್ಲ. ಇದೂ ನಿಜ. ಕರುಣೆ ಎಷ್ಟು, ಹೇಡಿತನ ಎಷ್ಟು, ಎರಡನ್ನೂ ಬೇರೆ ಮಾಡಲು ಇಂದಿಗೂ ಆಗಿಲ್ಲ. ಆದರೆ ವರದಿಯನ್ನಾದರೂ ಕ್ಷಮಿಸಬಹುದು, ಆ ಆಗಸ್ಟಿನಲ್ಲಿ ಅರವಿಂದನ ಅಮ್ಮನ ಮನೆಗೆ ಹೋದದ್ದನ್ನು ಕ್ಷಮಿಸಲಾಗದು. ಇಸ್ತ್ರಿ ಮಾಡಿದ ಯೂನಿಫಾರಂ, ಬೀದಿ ತುಂಬ ಜನ, ಕಲೆಕ್ಟರ್ ಆಫೀಸಿನಿಂದ ಬಂದ ಮಾಲೆ. ಅಮ್ಮ ಸಾಮಿಯಾತಾಳ್ ಅಳುತ್ತಿರಲಿಲ್ಲ. ಅವನನ್ನು ಒಳಗೆ ಕರೆದು, ಬಾಗಿಲು ಮುಂದೆ ಮಾಡಿ, ಒಂದೇ ಒಂದು ಪ್ರಶ್ನೆ ಕೇಳಿದ್ದಳು: ಯಾರೂ ಇಳಿ ಅನ್ನದೇನೇ ಇಳ್ದನಾ ತಂಬಿ? ಅವನು ಅವಳ ಮುಖ ನೋಡುತ್ತ, ಆಮಾ ಅಮ್ಮ, ತಾನಾಗೇ ಇಳ್ದ, ಅವ್ರು ಮೊದ್ಲು ಹೋಗ್ಲಿ ಅಂದ ಎಂದಿದ್ದ. ತಾಯಿಗೆ ಹೆಮ್ಮೆಯಾಗಲಿ ಎಂದು ಅಂದುಕೊಂಡಿದ್ದ. ಅವಳು ತಲೆಯಾಡಿಸಿ, ಕಾಫಿ ಕೊಟ್ಟು ಕಳಿಸಿದ್ದಳು. ಆಮೇಲೆ ಅವನು ಆ ಬೀದಿಗೆ ಕಾಲಿಡಲಿಲ್ಲ. ಪೊಳ್ಳಾಚಿಗೆ ಎಷ್ಟೋ ಸಲ ಹೋಗಿದ್ದಾನೆ, ಪ್ರತಿ ಸಲವೂ ಸುತ್ತು ಬಳಸಿ, ಬೇರೆ ರಸ್ತೆಯಲ್ಲಿ. ಮನೆ ನೆಪ್ಪಿಲ್ಲದೆ ಇಳಿದು ಹೋದವನು. ಇಪ್ಪತ್ತಾರು ವರ್ಷ ಅವಳು ಇದನ್ನು ನಂಬಿಕೊಂಡು ಕೂತಿದ್ದಾಳೆ, ನಂಬಿಸಿದವನು ಕಾರಿನ ಎ.ಸಿ. ಹೆಚ್ಚು ಮಾಡಿಕೊಂಡು ಹೋಗುತ್ತಿದ್ದಾನೆ.

ಕಿಣತ್ತುಕಡವಿನಲ್ಲಿ ಮೇಲ್ಸೇತುವೆ ಹತ್ತದೆ ಕೆಳಗಿನ ರಸ್ತೆ ಹಿಡಿದ. ಮನೆ ಸಿಕ್ಕಿತು. ಹೆಂಚಿನ ಮನೆಯ ಮುಂದೆ ಹೊಸದಾಗಿ ತಗಡಿನ ಚಾವಣಿ, ಅದರ ಕೆಳಗೆ ಟೊಮೇಟೊ ತುಂಬುವ ಪೆಟ್ಟಿಗೆಗಳು, ಒಂದು ಮೊಪೆಡ್. ಬಾಗಿಲಿಗೆ ಬಂದವಳು ಅರವಿಂದನ ತಂಗಿ ಇಂದುಜಾ. ಅಂದು ಫ್ರಾಕು ಬಿಟ್ಟು ಲಂಗ ದಾವಣಿ ಹಾಕುವ ವಯಸ್ಸು, ಈಗ ತಲೆಯಲ್ಲಿ ಬಿಳಿ ಕೂದಲು, ಊರ ಶಾಲೆಯಲ್ಲಿ ಟೀಚರು. ಗುರುತು ಹಿಡಿದು, ಗಾಬರಿಯಾಗಿ, ಬನ್ನಿ ಎಂದಳು. ಒಳಗೆ ಎಣ್ಣೆಯ ವಾಸನೆ, ವಡೆ ಕರಿದ ಹೊಗೆ. ಗೋಡೆಯ ಪಕ್ಕ ಮೂರು ಬಾಳೆ ಎಲೆ ಹಾಸಿ, ಎದುರಿಗೆ ಹೊಸ ಪಂಚೆ, ಹೊಸ ಸೀರೆ ಮಡಿಸಿಟ್ಟಿದ್ದರು. ಆಡಿ ಅಮಾವಾಸ್ಯೆ, ಸತ್ತವರನ್ನು ಹೆಸರು ಹಿಡಿದು ಕರೆದು ಊಟಕ್ಕಿಡುವ ದಿನ. ಇಲ್ಲಿಗೆ ಬರಲು ಇನ್ನೊಂದು ದಿನ ಸಿಗಲಿಲ್ಲವೇ ಎಂದು ತನ್ನನ್ನೇ ಬೈದುಕೊಂಡ. ಮೂರು ಎಲೆ ಎಂದು ಎಣಿಸಿದ. ಅವನು ಎಣಿಸಿದ್ದನ್ನು ಇಂದುಜಾ ನೋಡಿದಳು.

“ಅಪ್ಪಂಗೆ, ತಾತಂಗೆ, ಅಜ್ಜಿಗೆ,” ಎಂದಳು ಮೆಲ್ಲಗೆ. “ಅಣ್ಣಂಗೆ ಹಾಕಕ್ಕೆ ಅಮ್ಮ ಬಿಡಾಕಿಲ್ಲ ಸಾರ್. ಒಂದು ವರ್ಷವೂ ಬಿಟ್ಟಿಲ್ಲ. ಕರುದ್ರೆ ಬರಕ್ಕೆ ಅವ್ನಿಗೆ ಮನೆ ನೆಪ್ಪಿರಬೇಕಲ್ಲಾ ಅಂತಾಳೆ. ನೀವು ಮನಸ್ಸಿಗೆ ಹಚ್ಕೋಬ್ಯಾಡಿ.”

ಸಾಮಿಯಾತಾಳ್ ಅಡುಗೆಮನೆಯಿಂದ ಪಾಯಸದ ಪಾತ್ರೆ ಹಿಡಿದು ಬಂದಳು. ಎಪ್ಪತ್ತಾರು ಎಪ್ಪತ್ತೇಳರ ಹೆಂಗಸು, ಬೆನ್ನು ಬಾಗಿಲ್ಲ. ನಲವತ್ತೆರಡು ಕಿಲೋ ಎಂದಿತು ಅವನ ಹಾಳು ತಲೆ. ಪಾತ್ರೆ ಇಳಿಸಿ, ಸೆರಗಿನಲ್ಲಿ ಕೈ ಒರಸಿಕೊಂಡು, ಅವನನ್ನು ಮೇಲಿಂದ ಕೆಳಗೆ ನೋಡಿದಳು.

“ಬಾ ತಂಬಿ. ಊದೋಗಿದ್ದೀಯ. ಕೂತ್ಕೋ.”

ಅವನು ಕೂರಲಿಲ್ಲ. ಶನಿವಾರ ಎಂದು ಶುರು ಮಾಡಿ, ಸಂಘದವರು ಎಂದು ಮುಂದುವರಿಸಿ, ನೀವು ಬರಬೇಕಂತೆ ಅಮ್ಮ ಎನ್ನುವಲ್ಲಿಗೆ ಬಂದು ನಿಂತ. ಇದನ್ನು ಹೇಳಲು ಬಂದದ್ದಲ್ಲ ಎಂದು ಅವನಿಗೆ ಗೊತ್ತಿತ್ತು. ಆದರೂ ಬಾಯಿ ಆ ಕಡೆಗೇ ಹೋಯಿತು, ಇಷ್ಟು ವರ್ಷದ ರೂಢಿ.

“ನಾ ಬರಾಕಿಲ್ಲ,” ಎಂದಳು ಸಾಮಿಯಾತಾಳ್. ದನಿ ಏರಿಸಲಿಲ್ಲ. “ನಿನ್ನ ಮ್ಯಾಲೆ ನನಗೇನೂ ಕ್ವಾಪ ಇಲ್ಲ. ನೀ ನಿನ್ನ ಕೆಲ್ಸ ಮಾಡ್ದೆ. ಕ್ವಾಪ ಅವನ ಮ್ಯಾಲೆ. ಯಾರಾದ್ರೂ ಇಳಿ ಅಂದಿದ್ರೆ ಸರಿ, ಪಟ್ಟಾಳಕ್ಕೆ ಸೇರಿದ ಮ್ಯಾಲೆ ಹೇಳಿದ ಮಾತು ಕೇಳ್ಬೇಕು. ಯಾರೂ ಅನ್ನಲಿಲ್ವಲ್ಲ. ಆ ಹುಡುಗ್ರ ಅಮ್ಮಂದ್ರು ಅವ್ನಿಗೆ ನೆಪ್ಪಾದ್ರು. ಗಂಡ ಸತ್ತು ಎರಡು ವರ್ಸ ಆಗಿರ್ಲಿಲ್ಲ ನನಗೆ, ಇವ್ಳು ಇಷ್ಟುದ್ದ ಇದ್ಳು. ನಾನು ನೆಪ್ಪಾಗ್ಲಿಲ್ಲ. ಒಂದು ಗಳಿಗೆನೂ ಯೋಚ್ನೆ ಮಾಡ್ದೆ ಇಳ್ದುಬಿಟ್ಟ. ಅಂತಾವನ್ನ ನಾ ಯಾಕೆ ಕರೀಲಿ?”

“ನಾನು ಅಂದೆ ಅಮ್ಮ,” ಎಂದ ರಾಮ್‌ಕುಮಾರ್.

ಅವಳು ಪಾಯಸ ಬಡಿಸಲು ಸೌಟು ತೆಗೆದುಕೊಂ‍ಡಿದ್ದಳು. ಬಡಿಸಲಿಲ್ಲ.

“ಇಳಿ ಅಂತ ನಾನು ಅಂದೆ. ಅವನು ತಾನಾಗಿ ಇಳೀಲಿಲ್ಲ. ಆಗಲ್ಲ ಅಂದ.” ಮಾತು ನಿಂತರೆ ಮತ್ತೆ ಪಕ್ಕಕ್ಕೆ ಹಾರುತ್ತೇನೆ ಎಂದು ಹೆದರಿ ಒಂದೇ ಉಸಿರಿಗೆ ಹೇಳಿದ. “ನನ್ನ ಬಲಗೈ ಯಂತ್ರದ ಮೇಲಿತ್ತು, ಬಿಡೋ ಹಂಗಿರ್ಲಿಲ್ಲ. ಎಡಗೈಲಿ ಅವ್ನ ಬೆಲ್ಟ್ ಬಿಚ್ಚಿದೆ. ಅವ್ನು ಸೀಟಿನ ಕಂಬಿ ಹಿಡ್ಕಂಡ. ನಾನು ಬೆರಳು ಬಿಡ್ಸಿದೆ. ಒಂದೊಂದೇ ಬೆರಳು. ಐದೂ ಬಿಡ್ಸಿದೆ. ಕೆಳಗಿದ್ದ ಸಿಪಾಯಿ ಎಳಕೊಂಡ. ಆಮೇಲೆ ಆ ಕಾಲಿಲ್ಲದ ಹುಡುಗನ್ನ ಎತ್ತಿ ತನ್ನ ಸೀಟಲ್ಲಿ ಕೂರ್ಸಿದ್ದು ಅರವಿಂದನೇ. ಬೆಲ್ಟ್ ಹಾಕಿದ್ದೂ ಅವ್ನೇ. ಅದನ್ನ ಮಾಡು ಅಂತ ಯಾರೂ ಅವ್ನಿಗೆ ಹೇಳಿರ್ಲಿಲ್ಲ. ನನ್ನ ಕಡೆ ನೋಡ್ಲಿಲ್ಲ. ನಾನು ನಿಮ್ಮ ಮುಂದೆ ಸುಳ್ಳು ಹೇಳಿದೆ.”

ಹೊರಗೆ ಗಾಳಿ ತಗಡನ್ನು ಎತ್ತಿ ಬಡಿಯುತ್ತಿತ್ತು. ಇಂದುಜಾ ಗೋಡೆಗೆ ಒರಗಿ ಕೂತುಬಿಟ್ಟಿದ್ದಳು. ಸಾಮಿಯಾತಾಳ್ ಸೌಟನ್ನು ಪಾತ್ರೆಯಲ್ಲಿಟ್ಟು ಅವನ ಹತ್ತಿರ ಬಂದಳು. ಹೊಡೆಯುತ್ತಾಳೆ ಎಂದುಕೊಂಡ ಅವನು. ಹೊಡೆಯಲಿ ಎಂದು ಆಸೆಯಾಯಿತು. ಅದಕ್ಕಾಗಿಯೇ ಮುಖ ತಗ್ಗಿಸಿದ. ಅವಳು ಹೊಡೆಯಲಿಲ್ಲ.

“ಆಗಲ್ಲ ಅಂದು ಆಮ್ಯಾಲೆ ಏನಂದ?”

“ಬೇಡಣ್ಣಾ ಅಂದ. ಆಡಿಗೆ ಊರಿಗೆ ಬತ್ತೀನಿ ಅಂತ ಹೇಳಿದ್ದೀನಿ ಅಂದ.”

“ಯಾರಿಗೆ ಹೇಳಿದ್ದೀನಿ ಅಂದ?”

“ಅವ್ವಂಗೆ ಅಂದ.”

“ಅಮ್ಮಂಗೆ ಅಂದನಾ, ಅವ್ವಂಗೆ ಅಂದನಾ?”

“ಅವ್ವಂಗೆ.”

ಅವಳು ಅವನ ಮುಖವನ್ನೇ ನೋಡಿದಳು, ಸಂತೆಯಲ್ಲಿ ತೂಕದ ಮುಳ್ಳು ನೋಡುವವರ ಹಾಗೆ. ಮಗ ಹೊರಗಿನವರ ಮುಂದೆ ಅಮ್ಮ ಎನ್ನುತ್ತಿದ್ದ, ಅಡುಗೆಮನೆಯಲ್ಲಿ ಮಾತ್ರ ಅವ್ವ ಎನ್ನುತ್ತಿದ್ದ ಎಂದು ಯಾರಿಗೂ ಅಲ್ಲದಂತೆ ಹೇಳಿದಳು. ಆಮೇಲೆ, ಇನ್ನೊಂದ್ಸಲ ಹೇಳು ಎಂದಳು. ಅವನು ಹೇಳಿದ. ಹಂಗಲ್ಲ, ಅವನು ಹೆಂಗಂದನೋ ಹಂಗೆ ಹೇಳು ಎಂದಳು. ಐವತ್ತಾರು ವರ್ಷದ ನಿವೃತ್ತ ಕರ್ನಲ್ ರಾಮ್‌ಕುಮಾರ್, ಎಣ್ಣೆ ಹೊಗೆ ತುಂಬಿದ ಆ ಕೋಣೆಯಲ್ಲಿ ನಿಂತು, ಹೆಲ್ಮೆಟ್ಟಿನೊಳಗೆ ತನ್ನ ಕಿವಿಗೆ ಮಾತ್ರ ಕೇಳಿಸಿದ್ದ ಆ ಗಾಬರಿಯ ದನಿಯಲ್ಲೇ, ಬೇಡಣ್ಣಾ, ಆಡಿಗೆ ಊರಿಗೆ ಬತ್ತೀನಿ ಅಂತ ಅವ್ವಂಗೆ ಹೇಳಿದ್ದೀನಿ ಎಂದ. ಹೇಳಿ ಮುಗಿಸುವಷ್ಟರಲ್ಲಿ ಅವನು ಅಳುತ್ತಿದ್ದ. ಹಗುರಾಗುತ್ತದೆ ಎಂದು ಇಷ್ಟು ವರ್ಷ ಕಾದಿದ್ದ, ಹಗುರಾಗಲಿಲ್ಲ. ಅವನ ಅಳುವನ್ನು ಅವಳು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

“ಇಪ್ಪತ್ತಾರು ವರ್ಸ,” ಎಂದಳು. “ಪ್ರತಿ ಆಡಿಗೂ ಈ ಮನೇಲಿ ಎಲ್ರೂ ಉಂಡ್ರು. ಅವ್ನೊಬ್ಬ ಬಾಗ್ಲಲ್ಲೇ ನಿಂತಿದ್ದ. ನಾನು ನಿಲ್ಸಿದ್ದೆ. ನೀ ಹೇಳಿದ್ದು ಕೇಳ್ಕಂಡು ನಿಲ್ಸಿದ್ದೆ.” ದನಿ ಈಗಲೂ ಏರಲಿಲ್ಲ. “ಇಳ್ಸಿದ್ದಕ್ಕಲ್ಲ ತಂಬಿ. ಆ ಹುಡುಗ್ರೂ ಯಾರೋ ಹೆತ್ತೋರೇ. ಇದಕ್ಕೆ ನಾ ನಿನ್ನ ಏನ್ ಮಾಡ್ಲಿ?”

ಅವಳು ಇಂದುಜಾಳ ಕಡೆ ತಿರುಗಿ ಎಲೆ ತಾ ಎಂದಳು. ಇಂದುಜಾ ತಂದ ಎಲೆಯನ್ನು ತಾನೇ ಕಸಿದು, ನೀರು ಚಿಮುಕಿಸಿ, ಮೂರರ ಪಕ್ಕ ಹಾಸಿ, ಅನ್ನ, ಪಾಯಸ, ವಡೆ ಎಲ್ಲವನ್ನೂ ಸಿಟ್ಟಿನ ಕೈಯಲ್ಲಿ ಬಡಿಸಿದಳು. ಅದರ ಮುಂದೆ ನೆಲಕ್ಕೆ ಕೂತಳು. ಕರೆಯಲು ಬಾಯಿ ತೆರೆದವಳಿಗೆ ಕರೆ ಬರಲಿಲ್ಲ, ಬೈಗುಳ ಬಂತು.

“ಒಂದು ಕೈಯವನು ಬಿಡ್ಸಿದ್ರೆ ಬಿಟ್ಬಿಡ್ತೀಯೇನೋ? ಎರಡೂ ಕೈಲಿ ಹಿಡ್ಕಳಕ್ಕೆ ಏನಾಗಿತ್ತು ನಿನಗೆ? ಇನ್ನೂ ಗಟ್ಟಿಯಾಗಿ ಹಿಡ್ಕಳದಲ್ವಾ ಸಾಮಿ?”

ಅವಳು ಎಲೆಯ ಮೇಲೆ ಬಾಗಿ ಅದನ್ನೇ ಮತ್ತೆ ಮತ್ತೆ ಕೇಳಿದಳು. ರಾಮ್‌ಕುಮಾರ್ ಹಿಂದೆ ಹಿಂದೆ ಸರಿದು ಹೊಸ್ತಿಲು ದಾಟಿ, ಚಪ್ಪಲಿಗಾಗಿ ಕಾಲಿನಿಂದ ತಡಕುತ್ತಿದ್ದ. ಒಳಗಿನಿಂದ ಅವಳು ತಿರುಗಿ ನೋಡದೆಯೇ ಕರೆದಳು.

“ತಂಬಿ. ಶನಿವಾರ ಎಷ್ಟು ಗಂಟೆಗೆ ನಿಮ್ಮ ಸನ್ಮಾನದ ವಿಳಾ?”

“ಹತ್ತಕ್ಕೆ ಅಮ್ಮ.”

“ಕಾರು ಗೀರು ಕಳಿಸ್ಬ್ಯಾಡ, ಬಸ್ಸಲ್ಲಿ ಬತ್ತೀನಿ. ಮುಂದ್ಗಡೆ ಕೂತ್ಕತೀನಿ. ಈಗ ಹೇಳಿದ್ಯಲ್ಲಾ, ಅದನ್ನ ನನ್ನ ಮೊಕ ನೋಡ್ಕಂಡು ಅಲ್ಲಿ ಹೇಳು. ನಮ್ಮ ಮಾತಲ್ಲೇ ಹೇಳು.”